ಝಯಾನ್‌ನ ನ್ಯಾರೋಸ್: ನದಿಯೊಳಗೇ ನಡೆಯುವ ದಾರಿಗೆ ಬಯಲುಸೀಮೆಯವರ ತಯಾರಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವವರು ಈಗ ಬಹಳ ಜನ. ಲಾಸ್ ವೇಗಾಸ್, ಗ್ರ್ಯಾಂಡ್ ಕ್ಯಾನಿಯನ್ ನೋಡಿದ ಮೇಲೆ ಯೂಟಾ ರಾಜ್ಯದ ಝಯಾನ್ ರಾಷ್ಟ್ರೀಯ ಉದ್ಯಾನಕ್ಕೂ ಒಂದೆರಡು ದಿನ ಇಟ್ಟುಕೊಂಡಿರುತ್ತಾರೆ. ವೇಗಾಸ್‌ನಿಂದ ಕಾರಿನಲ್ಲಿ ಸುಮಾರು 260 ಕಿ.ಮೀ., ಮೂರು ಗಂಟೆಯ ದಾರಿ. ಅಲ್ಲಿ ಎಲ್ಲರೂ ಹೋಗಬೇಕೆನ್ನುವ ಜಾಗ ನ್ಯಾರೋಸ್. ವರ್ಜಿನ್ ನದಿಯ ಉತ್ತರ ಕವಲು ಮರಳುಕಲ್ಲನ್ನು ಕೊರೆದು ಮಾಡಿಕೊಂಡ ಕಮರಿ ಇದು. ಎರಡೂ ಕಡೆ ಗೋಡೆ ಸಾವಿರ ಅಡಿಯವರೆಗೆ ಎದ್ದು ನಿಂತಿದೆ. ನಡುವಿನ ಜಾಗ ಕೆಲವು ಕಡೆ ಇಪ್ಪತ್ತು–ಮೂವತ್ತು ಅಡಿಯಷ್ಟೇ. ದಡ ಎಂಬುದು ಬಹುಪಾಲು ಇಲ್ಲ, ನದಿಯೇ ದಾರಿ. ನೀರಿನೊಳಗೆ ಕಾಲಿಟ್ಟು, ಹರಿವಿಗೆ ಎದುರಾಗಿ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರಬೇಕು.

ನಮ್ಮ ಕಡೆಯವರಿಗೆ ಬೆಟ್ಟ ಹೊಸದಲ್ಲ. ಮಧುಗಿರಿ, ಸ್ಕಂದಗಿರಿ, ಅಂತರಗಂಗೆ ಹತ್ತಿದ ಕಾಲುಗಳಿಗೆ ಹದಿನೈದು ಕಿ.ಮೀ. ದೊಡ್ಡ ಮಾತಲ್ಲ. ಆದರೆ ಹರಿಯುವ ನೀರಿನಲ್ಲಿ ನಡೆದ ಅಭ್ಯಾಸ ನಮಗೆ ಇಲ್ಲ. ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ಪಿನಾಕಿನಿಗಳಾಗಲಿ, ಪಾಲಾರ್, ಚಿತ್ರಾವತಿಯಾಗಲಿ, ದೇವರಾಯನದುರ್ಗದ ಜಯಮಂಗಲಿಯಾಗಲಿ, ವರ್ಷದ ಹೆಚ್ಚು ಕಾಲ ಬರೀ ಮರಳು. ಹಾಗಾಗಿ ಏರುವುದು, ಇಳಿಯುವುದು, ಬಿಸಿಲು ತಡೆಯುವುದು ಈ ಬರಹದಲ್ಲಿ ಕಡಿಮೆ. ನೀರಿನ ಮಾತೇ ಹೆಚ್ಚು. ಇಲ್ಲಿ ಹೇಳಿರುವುದು ಕೆಳಗಿನಿಂದ ಮೇಲಕ್ಕೆ ಹೋಗಿ ಅದೇ ದಿನ ಹಿಂದಿರುಗುವ ನಡಿಗೆಯ ಬಗ್ಗೆ. ಇದಕ್ಕೆ ಪರವಾನಗಿ ಬೇಡ. ಮೇಲಿನಿಂದ ಕೆಳಕ್ಕೆ 26 ಕಿ.ಮೀ. ಪೂರ್ತಿ ನಡೆಯುವುದಕ್ಕೆ ಪರವಾನಗಿ ಬೇಕು, ತಯಾರಿಯೂ ಬೇರೆ. ಮೊದಲ ಸಲ ಹೋಗುವವರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಟಿಕೆಟ್ ಬುಕ್ ಮಾಡುವ ಮೊದಲು ತಿಂಗಳು ನೋಡಿ

ನಮ್ಮಲ್ಲಿ ಶಾಲೆಗೆ ರಜೆ ಏಪ್ರಿಲ್–ಮೇ. ಮೊಮ್ಮಕ್ಕಳನ್ನೂ ಕರೆದುಕೊಂಡು ಹೊರಡುವುದು ಆಗಲೇ. ನ್ಯಾರೋಸ್ ಸಾಮಾನ್ಯವಾಗಿ ಮುಚ್ಚಿರುವುದೂ ಆಗಲೇ. ಮೇಲಿನ ಪ್ರಸ್ಥಭೂಮಿಯಲ್ಲಿ ಚಳಿಗಾಲದ ಹಿಮ ಕರಗಿ ನದಿ ತುಂಬುತ್ತದೆ. ಹಿಮ ಎಷ್ಟು ಬಿದ್ದಿತ್ತು ಎಂಬುದರ ಮೇಲೆ ಈ ಮುಚ್ಚುಗಡೆ ಕೆಲವು ವಾರವೂ ಆಗಬಹುದು, ಜೂನ್‌ವರೆಗೂ ಎಳೆಯಬಹುದು. ಮೇ ತಿಂಗಳಲ್ಲಿ ಹೋಗುವವರು ನ್ಯಾರೋಸ್ ಸಿಕ್ಕರೆ ಸಿಕ್ಕಿತು ಎಂದುಕೊಂಡು ಹೋಗಬೇಕು, ಅದೊಂದನ್ನೇ ನೆಚ್ಚಿಕೊಂಡು ಅಲ್ಲ.

ಜೂನ್ ಕೊನೆಗೆ ನೀರು ಇಳಿಯುತ್ತದೆ, ತಣ್ಣಗಿನ ಕಾಟವೂ ಕಡಿಮೆಯಾಗುತ್ತದೆ. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯ ಮುಂಗಾರು. ಮಧ್ಯಾಹ್ನದ ಮೇಲೆ ಗುಡುಗು ಮಳೆ, ದಿಢೀರ್ ಪ್ರವಾಹ. ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಕಾಲ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ, ಅಂದರೆ ದಸರಾ ರಜೆಯ ಆಸುಪಾಸು. ನೀರು ಕಡಿಮೆ, ಮಳೆಯ ಭಯ ಕಡಿಮೆ, ಜನವೂ ಸ್ವಲ್ಪ ಕಡಿಮೆ. ಆದರೆ ನೀರು ತಣ್ಣಗಾಗುತ್ತಾ ಬಂದಿರುತ್ತದೆ, ಕಮರಿಯ ಒಳಗೆ ಬಿಸಿಲೂ ಬೀಳುವುದಿಲ್ಲ. ಚಳಿಗಾಲದಲ್ಲಿ ನೀರು 3ರಿಂದ 7 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಆಗ ಮೈಗೆ ನೀರು ಸೋಕದ ಡ್ರೈಸೂಟ್ ಬಾಡಿಗೆಗೆ ತರದೆ ಇಳಿಯುವಂತಿಲ್ಲ.

ಖರ್ಚಿನ ಮಾತೊಂದು. ಕಾರಿಗೆ ಏಳು ದಿನದ ಪ್ರವೇಶ ಶುಲ್ಕ 35 ಡಾಲರ್. ಅದರ ಜೊತೆಗೆ 2026ರ ಜನವರಿಯಿಂದ, ಅಮೆರಿಕದ ನಿವಾಸಿಗಳಲ್ಲದ 16 ವರ್ಷ ಮೇಲ್ಪಟ್ಟವರಿಗೆ ತಲಾ 100 ಡಾಲರ್ ಹೆಚ್ಚುವರಿ ಬಿದ್ದಿದೆ. ಝಯಾನ್ ಸೇರಿ ಹನ್ನೊಂದು ಉದ್ಯಾನಗಳಲ್ಲಿ ಇದು ಅನ್ವಯ. ಗ್ರ್ಯಾಂಡ್ ಕ್ಯಾನಿಯನ್, ಬ್ರೈಸ್ ಕ್ಯಾನಿಯನ್ ಕೂಡ ಆ ಪಟ್ಟಿಯಲ್ಲಿವೆ. ಹೊರದೇಶದವರ ವಾರ್ಷಿಕ ಪಾಸ್ 250 ಡಾಲರ್. ಅಪ್ಪ ಅಮ್ಮ ಇಬ್ಬರೂ ಎರಡು ಮೂರು ಉದ್ಯಾನ ನೋಡುವುದಾದರೆ ಪಾಸೇ ಅಗ್ಗವಾಗಬಹುದು. ಗೇಟಿಗೆ ಹೋಗುವ ಮೊದಲೇ ಮಕ್ಕಳಿಗೆ ಲೆಕ್ಕ ಹಾಕಲು ಹೇಳಿ.

ಎರಡು ಸಂಖ್ಯೆ, ಎರಡೂ ಬೇರೆ ಬೇರೆ

ಹೊರಡುವ ಬೆಳಿಗ್ಗೆ ಎರಡು ವಿಷಯ ನೋಡಲೇಬೇಕು. ಒಂದು, ನದಿಯ ಹರಿವು. ಇನ್ನೊಂದು, ದಿಢೀರ್ ಪ್ರವಾಹದ ಮುನ್ಸೂಚನೆ. ಒಂದು ಚೆನ್ನಾಗಿದೆ ಎಂದು ಇನ್ನೊಂದನ್ನು ಬಿಡುವ ಹಾಗಿಲ್ಲ.

ಹರಿವನ್ನು ಅಲ್ಲಿ ಸಿಎಫ್‌ಎಸ್ ಲೆಕ್ಕದಲ್ಲಿ ಹೇಳುತ್ತಾರೆ, ನಮ್ಮ ಜಲಾಶಯಗಳ ಸುದ್ದಿಯಲ್ಲಿ ಬರುವ ಕ್ಯುಸೆಕ್ಸೇ ಅದು: ಸೆಕೆಂಡಿಗೆ ಎಷ್ಟು ಘನ ಅಡಿ ನೀರು. ಒಂದು ಘನ ಅಡಿ ಎಂದರೆ 28 ಲೀಟರ್ ಚಿಲ್ಲರೆ. 50 ಕ್ಯುಸೆಕ್ಸ್ ಇದ್ದರೆ ಸೆಕೆಂಡಿಗೆ ಸುಮಾರು 1,400 ಲೀಟರ್. ಹೆಚ್ಚಿನ ಕಡೆ ನೀರು ಮೊಣಕಾಲಿನ ಮಟ್ಟ, ಅಲ್ಲಲ್ಲಿ ತೊಡೆಯವರೆಗೆ. ಮೊದಲ ಸಲದವರಿಗೆ, ಅರವತ್ತು ದಾಟಿದವರಿಗೆ ಇದು ಹದವಾದ ಮಟ್ಟ. 70 ದಾಟಿದರೆ ಎದುರು ಹರಿವಿನಲ್ಲಿ ಪ್ರತಿ ಹೆಜ್ಜೆಗೂ ಶ್ರಮ ಬೀಳುತ್ತದೆ. 100ರ ಮೇಲಾದರೆ ಅಭ್ಯಾಸ ಇಲ್ಲದವರು ಇಳಿಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ, ಉದ್ಯಾನದವರು ಬಿಟ್ಟಿದ್ದರೂ ಕೂಡ. 150 ದಾಟಿದರೆ ಅವರೇ ಮುಚ್ಚುತ್ತಾರೆ. ಇನ್ನೊಂದು ಗಮನಿಸಿ: ಹರಿವು ಇಮ್ಮಡಿಯಾದರೆ ನೀರು ಆಳವೂ ಆಗುತ್ತದೆ, ವೇಗವೂ ಹೆಚ್ಚುತ್ತದೆ. ವೇಗ ಎರಡರಷ್ಟಾದರೆ ಕಾಲನ್ನು ತಳ್ಳುವ ಬಲ ನಾಲ್ಕರಷ್ಟು. ಹಾಗಾಗಿ 50 ಮತ್ತು 100ರ ನಡುವಿನ ವ್ಯತ್ಯಾಸ ಕಾಗದದ ಮೇಲೆ ಕಂಡಷ್ಟು ಸಣ್ಣದಲ್ಲ.

ಈ ಹರಿವನ್ನು ಅಳೆಯುವ ಕೇಂದ್ರ ಸ್ಪ್ರಿಂಗ್‌ಡೇಲ್ ಊರಿನ ಹತ್ತಿರ, ಅಂದರೆ ನ್ಯಾರೋಸ್‌ಗಿಂತ ಕೆಳಗೆ ಇದೆ. ಮೇಲಿನಿಂದ ಪ್ರವಾಹ ಬಂದರೆ ಅದು ನಡೆಯುವವರನ್ನು ದಾಟಿಯೇ ಆ ಅಳತೆಗೆ ಸಿಗುವುದು. ಬೆಳಿಗ್ಗೆ ಸಂಖ್ಯೆ 45 ಇತ್ತು ಎಂಬುದು ಮಧ್ಯಾಹ್ನದ ಪ್ರವಾಹದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕೇ ಎರಡನೆಯ ಮಾಹಿತಿ ಬೇಕು. ಅಮೆರಿಕದ ಹವಾಮಾನ ಸೇವೆ ಪ್ರತಿದಿನದ ದಿಢೀರ್ ಪ್ರವಾಹದ ಸಾಧ್ಯತೆಯನ್ನು ನಾಲ್ಕು ಮಟ್ಟದಲ್ಲಿ ಕೊಡುತ್ತದೆ: ನಿರೀಕ್ಷೆಯಿಲ್ಲ, ಆಗಬಹುದು, ಆಗುವ ಸಂಭವ ಹೆಚ್ಚು, ಆಗಲಿದೆ. ಉದ್ಯಾನದ ಜಾಲತಾಣದಲ್ಲಿ, ಸಂದರ್ಶಕರ ಕೇಂದ್ರದಲ್ಲಿ ಇದು ಸಿಗುತ್ತದೆ. ಮೊದಲ ಮಟ್ಟ ಇದ್ದರೆ ಹೋಗಿ. ಎರಡನೆಯದಿದ್ದರೆ, ಬೆಳಿಗ್ಗೆ ಬೇಗ ಇಳಿದು ಮಧ್ಯಾಹ್ನದೊಳಗೆ ಹೊರಗೆ ಬರುವಷ್ಟು ದೂರ ಮಾತ್ರ. ಮೂರು, ನಾಲ್ಕು ಇದ್ದರೆ ಆ ದಿನ ಬೇರೆ ಕಡೆ ಹೋಗಿ. ಪ್ರವಾಹದ ಎಚ್ಚರಿಕೆ ಹೊರಟರೆ ನ್ಯಾರೋಸ್ ಮುಚ್ಚುತ್ತಾರೆ. ಎಚ್ಚರಿಕೆ ತೆಗೆದ ಎರಡು ಗಂಟೆಯ ನಂತರವೇ ಮತ್ತೆ ತೆರೆಯುವುದು.

ಪ್ರವಾಹ ಯಾಕೆ ಅಷ್ಟು ಬೇಗ ಬರುತ್ತದೆ ಎಂದು ತಿಳಿಯಲು ಮಧುಗಿರಿಯ ಏಕಶಿಲೆಯ ಮೇಲೆ ಜೋರು ಮಳೆ ಬಿದ್ದಾಗ ಆಗುವುದನ್ನು ನೆನೆಸಿಕೊಂಡರೆ ಸಾಕು. ಹೊಲದಲ್ಲಾದರೆ ಮಣ್ಣು ಕುಡಿಯುತ್ತದೆ. ಬಂಡೆಯ ಮೇಲೆ ಬಿದ್ದ ನೀರು ನಿಲ್ಲುವುದಿಲ್ಲ, ಕೆಲವೇ ನಿಮಿಷದಲ್ಲಿ ತಪ್ಪಲಿನ ಹಳ್ಳಕ್ಕೆ ಬಂದುಬಿಡುತ್ತದೆ. ಝಯಾನ್‌ನ ಮೇಲ್ಭಾಗದಲ್ಲೂ ಬೋಳುಬಂಡೆ, ತೆಳುವಾದ ಮಣ್ಣು, ಕುರುಚಲು. ಅಲ್ಲಿ ಬಿದ್ದ ನೀರಷ್ಟೂ ಈ ಕಿರಿದಾದ ಸಂದಿಗೇ ನುಗ್ಗಬೇಕು. ಅಗಲಕ್ಕೆ ಹರಡಲು ಜಾಗವಿಲ್ಲದ ಮೇಲೆ ನೀರು ಎತ್ತರಕ್ಕೇ ಏರುವುದು. ಮಳೆ ಬಿದ್ದಿರುವುದು ಹತ್ತಾರು ಕಿ.ಮೀ. ಆಚೆ, ನಿಮ್ಮ ತಲೆಯ ಮೇಲೆ ನೀಲಿ ಆಕಾಶವೇ ಇರಬಹುದು. ಗೋಡೆಗಳ ನಡುವಿನಿಂದ ಕಾಣುವುದು ಆಕಾಶದ ಒಂದು ಪಟ್ಟಿ ಮಾತ್ರ, ಮೋಡ ಕಟ್ಟುವುದೂ ಗೊತ್ತಾಗುವುದಿಲ್ಲ. 2015ರ ಸೆಪ್ಟೆಂಬರ್ 14ರಂದು ಇದೇ ಉದ್ಯಾನದ ಕೀಹೋಲ್ ಕಮರಿಯಲ್ಲಿ ಏಳು ಜನರ ಇಡೀ ತಂಡ ಪ್ರವಾಹಕ್ಕೆ ಸಿಕ್ಕಿ ಸತ್ತಿತು. 2022ರ ಆಗಸ್ಟ್‌ನಲ್ಲಿ ನ್ಯಾರೋಸ್‌ನಲ್ಲಿಯೇ ಒಬ್ಬರು ಕೊಚ್ಚಿಹೋದರು.

ಒಳಗಿರುವಾಗ ನೀರನ್ನು ನೋಡುತ್ತಲೇ ಇರಿ. ತಿಳಿಯಾಗಿದ್ದ ನೀರು ಕೆಂಪಗೆ ಕದಡಿದರೆ, ಕಡ್ಡಿ ಎಲೆ ಚೂರುಗಳು ಒಮ್ಮೆಲೇ ತೇಲಿಬಂದರೆ, ಸೆಳವು ಬಿಗಿಯಾದರೆ, ಮೇಲಿನ ಕಡೆಯಿಂದ ಲಾರಿ ಬರುವಂಥ ಮೊರೆತ ಕೇಳಿದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ. ಕೆಳಕ್ಕೆ ಓಡಿ ತಪ್ಪಿಸಿಕೊಳ್ಳಲು ಆಗದು. ನೀರು ನಿಮಗಿಂತ ವೇಗ. ಸಿಕ್ಕ ಎತ್ತರಕ್ಕೆ ಆ ಕ್ಷಣವೇ ಹತ್ತಿ, ನಾಲ್ಕಾರು ಅಡಿಯಾದರೂ ಸರಿ. ನೀರು ಇಳಿದು ತಿಳಿಯಾಗುವವರೆಗೆ ಅಲ್ಲೇ ಕೂರಿ. ಒಂದು ರಾತ್ರಿ ಕೂರಬೇಕಾಗಬಹುದು. ನಡೆಯುತ್ತಾ ಹೋಗುವಾಗ "ಇಲ್ಲಿ ನೀರು ಬಂದರೆ ಎಲ್ಲಿಗೆ ಹತ್ತುವುದು" ಎಂದು ಪ್ರತಿ ತಿರುವಿನಲ್ಲೂ ಕಣ್ಣಾಡಿಸಿ. ಮರ ಬೆಳೆದಿರುವ ಮಣ್ಣಿನ ದಿಬ್ಬ ಒಳ್ಳೆಯದು, ಯಾಕೆಂದರೆ ಮರ ಅಷ್ಟು ವರ್ಷ ಅಲ್ಲಿ ಉಳಿದಿದೆ. ತಲೆಯ ಮೇಲೆ ಗೋಡೆಯ ಬಿರುಕಿನಲ್ಲಿ ಸಿಕ್ಕಿಕೊಂಡ ದಿಮ್ಮಿ, ಹುಲ್ಲಿನ ಗಂಟು ಕಂಡರೆ ನೀರು ಹಿಂದೆ ಅಲ್ಲಿಯವರೆಗೂ ಬಂದಿತ್ತು ಎಂದು ತಿಳಿಯಿರಿ.

ಊರಲ್ಲೇ ಮಾಡಬೇಕಾದ ಅಭ್ಯಾಸ

ಬಯಲಲ್ಲಿ ನಡೆದರೆ ದಮ್ಮು ಬರುತ್ತದೆ, ಈ ದಾರಿಗೆ ಬೇಕಾದ ಕಣಕಾಲು ಬರುವುದಿಲ್ಲ. ನದಿಯ ತಳದಲ್ಲಿ ತೆಂಗಿನಕಾಯಿ ಗಾತ್ರದಿಂದ ಕುಂಬಳಕಾಯಿ ಗಾತ್ರದವರೆಗಿನ ಉರುಟು ಕಲ್ಲು, ಅದರ ಮೇಲೆ ಪಾಚಿ, ಮೇಲೆ ನೀರು. ಕಲ್ಲು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಪಾದವೇ ಹುಡುಕಬೇಕು. ಇದಕ್ಕೆ ಕೋಲಾರದ ಅಂತರಗಂಗೆಯಲ್ಲಿ ಬಂಡೆಗಳ ನಡುವಿನ ದಾರಿ ಬಹಳ ಒಳ್ಳೆಯ ಶಾಲೆ: ತೆವಳಿ, ದಾಟಿ, ಒಂದು ಕಾಲಿನ ಮೇಲೆ ತೂಕ ನಿಲ್ಲಿಸಿ ಇನ್ನೊಂದನ್ನು ಇಡುವ ಅಭ್ಯಾಸ ಆಗುತ್ತದೆ. ತುಮಕೂರಿನವರಿಗೆ ದೇವರಾಯನದುರ್ಗದ ಸುತ್ತ, ಚಿಕ್ಕಬಳ್ಳಾಪುರದವರಿಗೆ ನಂದಿಯ ಹಳೆಯ ಮೆಟ್ಟಿಲ ದಾರಿ ಇದೆ. ವಾರಕ್ಕೆ ಎರಡು ಸಲದಂತೆ ಎರಡು ತಿಂಗಳು ಸಾಕು. ಇಳಿಯುವುದನ್ನು ಹೆಚ್ಚು ಮಾಡಿ. ಮಂಡಿ ಗಟ್ಟಿಯಾಗುವುದು ಅದರಲ್ಲಿ. ಮನೆಯಲ್ಲಿ ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲಿ, ಆಮೇಲೆ ಕಣ್ಣು ಮುಚ್ಚಿ ನಿಲ್ಲಿ. ಕಣ್ಣು ಮುಚ್ಚಿ ಇಪ್ಪತ್ತು ಸೆಕೆಂಡು ನಿಲ್ಲಲು ಬಂದರೆ ನದಿಯಲ್ಲಿ ಅದು ಕೈಹಿಡಿಯುತ್ತದೆ.

ನೀರಿನ ಅಭ್ಯಾಸಕ್ಕೆಂದು ಕೆರೆಗೆ, ಕಲ್ಲು ತೆಗೆದ ಹೊಂಡಕ್ಕೆ, ಕೋಡಿ ಬಿದ್ದ ಕಾಲುವೆಗೆ ಇಳಿಯಲೇಬೇಡಿ. ಕೆರೆಯ ಹೂಳು ಕಾಲು ಹಿಡಿಯುತ್ತದೆ. ಹೊಂಡದಲ್ಲಿ ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ಆಳೆತ್ತರ. ಪ್ರತಿ ವರ್ಷ ಇವುಗಳಲ್ಲಿ ಜೀವ ಹೋಗುತ್ತಿದೆ. ಅದರ ಬದಲು ಒಂದು ಬಕೆಟ್ ನೀರಲ್ಲಿ ಶೂ, ಕಾಲುಚೀಲ ನೆನೆಸಿ, ಹಾಗೇ ಹಾಕಿಕೊಂಡು ಒಂದು ಗಂಟೆ ನಡೆಯಿರಿ. ಒದ್ದೆ ಪಾದ ಎಲ್ಲಿ ಉಜ್ಜುತ್ತದೆ, ಬೊಬ್ಬೆ ಎಲ್ಲಿ ಏಳುತ್ತದೆ ಎಂದು ಅಂಗಳದಲ್ಲೇ ಗೊತ್ತಾಗುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ವರ್ಷಗಟ್ಟಲೆ ಕಾಯಿಲೆ ಇದ್ದವರಲ್ಲಿ ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ. ಶೂ ಒಳಗೆ ಸೇರಿದ ಮರಳು ಚರ್ಮ ಕೊರೆದರೂ, ಕಲ್ಲು ತಾಗಿ ರಕ್ತ ಬಂದರೂ ತಿಳಿಯುವುದಿಲ್ಲ. ತಣ್ಣೀರಿನಲ್ಲಿ ಮರಗಟ್ಟಿದ ಮೇಲಂತೂ ಯಾರಿಗೂ ತಿಳಿಯದು. ಹೊರಡುವ ಮೊದಲು ವೈದ್ಯರಲ್ಲಿ ಪಾದ ಪರೀಕ್ಷೆ ಮಾಡಿಸಿ, ಸ್ಪರ್ಶ ಸರಿಯಿಲ್ಲ ಎಂದರೆ ನದಿಗೆ ಇಳಿಯುವುದು ಬೇಡ. ಟಾರು ಹಾಕಿದ ರಿವರ್‌ಸೈಡ್ ವಾಕ್ ಎಂಬ ನದಿದಡದ ಹಾದಿಯ ಕೊನೆಯವರೆಗೆ ಹೋದರೂ ಕಮರಿಯ ಬಾಯಿ ಚೆನ್ನಾಗಿ ಕಾಣುತ್ತದೆ.

ಕಾಲಿಗೆ, ಕೈಗೆ, ಮೈಗೆ

ಚಪ್ಪಲಿ, ಬೆರಳು ತೆರೆದ ಸ್ಯಾಂಡಲ್ ಎರಡೂ ಬೇಡ. ಬೆರಳು ಕಲ್ಲಿಗೆ ಬಡಿದು ಉಗುರು ಏಳುತ್ತದೆ. ಪಟ್ಟಿಯೊಳಗೆ ಸೇರಿದ ಜಲ್ಲಿ ಪ್ರತಿ ಹತ್ತು ನಿಮಿಷಕ್ಕೂ ನಿಲ್ಲಿಸುತ್ತದೆ. ಚರ್ಮದ ಶೂ ನೆನೆದು ಭಾರವಾಗಿ ಆಕಾರ ಕೆಡುತ್ತದೆ. ಹಳೆಯ ಓಟದ ಶೂ ಬೇಸಿಗೆಗೆ ನಡೆದೀತು, ಆದರೆ ಸವೆದ ಅಟ್ಟೆ ಪಾಚಿಯ ಮೇಲೆ ಜಾರುತ್ತದೆ. ನಮ್ಮ ಸಲಹೆ, ಸ್ಪ್ರಿಂಗ್‌ಡೇಲ್‌ನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುವ ಕಮರಿ ಶೂ ತೆಗೆದುಕೊಳ್ಳಿ: ಬೆರಳ ಮುಂದೆ ಗಟ್ಟಿ ಕವಚ, ಕಣಕಾಲಿಗೆ ಆಸರೆ, ಅಂಟುವ ರಬ್ಬರ್ ಅಟ್ಟೆ, ನೀರು ಬಸಿಯಲು ಪಕ್ಕದಲ್ಲಿ ರಂಧ್ರ. ಜೊತೆಗೆ ನಿಯೋಪ್ರೀನ್ ಎಂಬ ರಬ್ಬರಿನಂಥ ವಸ್ತುವಿನ ಕಾಲುಚೀಲ ಕೊಡುತ್ತಾರೆ. ಇದು ನೀರನ್ನು ತಡೆಯುವುದಿಲ್ಲ. ಒಳಗೆ ಬಂದ ತೆಳುವಾದ ನೀರಿನ ಪದರವನ್ನು ಹಿಡಿದಿಡುತ್ತದೆ, ಮೈಯ ಬಿಸಿಗೆ ಆ ನೀರು ಬೆಚ್ಚಗಾಗುತ್ತದೆ. ಹಾಗಾಗಿ ಚೀಲ ಬಿಗಿಯಾಗಿರಬೇಕು. ಸಡಿಲವಿದ್ದರೆ ತಣ್ಣೀರು ಒಳಗೆ ಹೊರಗೆ ಆಡುತ್ತಲೇ ಇರುತ್ತದೆ, ಪ್ರಯೋಜನವಿಲ್ಲ. ಸಾಮಾನನ್ನು ಹಿಂದಿನ ದಿನ ಸಂಜೆಯೇ ತಂದುಕೊಂಡು, ಚೀಲದ ಸಮೇತ ಶೂ ಹಾಕಿ ಅಂಗಡಿಯಲ್ಲೇ ಹತ್ತು ಹೆಜ್ಜೆ ಓಡಾಡಿ ನೋಡಿ. ಇಳಿಜಾರಿನಲ್ಲಿ ಬೆರಳು ಮುಂದೆ ತಾಗಿದರೆ ಒಂದು ಸೈಜು ದೊಡ್ಡದು ಕೇಳಿ.

ಕೋಲು ಇಲ್ಲದೆ ಯಾರೂ ಇಳಿಯಬೇಡಿ, ಹುಡುಗರೂ ಕೂಡ. ಭುಜದ ಮಟ್ಟಕ್ಕೆ ಬರುವ, ಎರಡೂ ಕೈಯಲ್ಲಿ ಹಿಡಿಯಲು ಬರುವ ದಪ್ಪ ಮರದ ಕೋಲೇ ಒಳ್ಳೆಯದು. ಬೆಟ್ಟಕ್ಕೆ ಒಯ್ಯುವ ಮಡಚುವ ಅಲ್ಯೂಮಿನಿಯಂ ಕೋಲಿನ ತೆಳು ತುದಿ ಕಲ್ಲಿನ ಸಂದಿಗೆ ಸಿಕ್ಕಿ, ಅದೇ ಹೊತ್ತಿಗೆ ಹರಿವು ಮೈಯನ್ನು ತಳ್ಳಿದರೆ ಕೋಲು ಬಾಗುತ್ತದೆ ಇಲ್ಲವೇ ಮುರಿಯುತ್ತದೆ.

ಬಟ್ಟೆಯಲ್ಲಿ ಹತ್ತಿ ಇರಬಾರದು. ಹತ್ತಿ ಪ್ಯಾಂಟು, ಜೀನ್ಸ್, ಚೂಡಿದಾರದ ಬಾಟಮ್ ಎಲ್ಲವೂ ನೀರು ಕುಡಿದು ಕಾಲಿಗೆ ಅಂಟಿ ಹೆಜ್ಜೆ ಎಳೆಯುತ್ತವೆ, ದಿನವಿಡೀ ಒಣಗುವುದಿಲ್ಲ. ಸೀರೆಯಂತೂ ಹರಿವಿನಲ್ಲಿ ಹಾಯಿಯ ಹಾಗೆ ಬೀಗಿ ಮನುಷ್ಯರನ್ನೇ ಎಳೆದುಬಿಡುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಟ್ರ್ಯಾಕ್, ತುಂಬುತೋಳಿನ ಟೀಶರ್ಟ್, ಬ್ಯಾಗಿನಲ್ಲಿ ಒಂದು ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್, ಗಾಳಿ ತಡೆಯುವ ಜಾಕೆಟ್. ಹೊರಗೆ 38 ಡಿಗ್ರಿ ಬಿಸಿಲಿದ್ದರೂ ಸ್ವೆಟರ್ ಬೇಕು. ಕಮರಿಯ ಒಳಗೆ ನೆರಳು, ಗಾಳಿ, ಒದ್ದೆ ಮೈ.

ಬ್ಯಾಗಿನಲ್ಲಿರುವುದೆಲ್ಲ ಒಮ್ಮೆ ನೀರಿಗೆ ಬೀಳುತ್ತದೆ ಎಂದುಕೊಂಡೇ ಕಟ್ಟಿ. ಫೋನು, ಕಾರಿನ ಕೀ, ಮಾತ್ರೆಗಳನ್ನು ಮೊದಲು ಝಿಪ್‌ಲಾಕ್ ಕವರಿಗೆ, ಆಮೇಲೆ ಸುತ್ತಿ ಮುಚ್ಚುವ ಡ್ರೈಬ್ಯಾಗಿಗೆ ಹಾಕಿ. ಪಾಸ್‌ಪೋರ್ಟ್ ಕೋಣೆಯಲ್ಲೇ ಇರಲಿ. ಕುಡಿಯುವ ನೀರು ತಲಾ ಮೂರು ಲೀಟರ್, ಹೊರಡುವಾಗಲೇ ಹೊತ್ತುಕೊಂಡು ಹೋಗಬೇಕು. ತಿನ್ನಲು ಚಟ್ನಿಪುಡಿ ಹಚ್ಚಿ ಸುರುಳಿ ಸುತ್ತಿದ ಚಪಾತಿ, ಕಡಲೆಮಿಠಾಯಿ, ಹುರಿಗಡಲೆ. ಚಳಿಗೆ ಸಿಹಿ, ಎಣ್ಣೆ ಎರಡೂ ಬೇಕು. ಪಲ್ಯ, ಅನ್ನ, ಡಬ್ಬಿಗಳ ಸಂಭ್ರಮ ಬೇಡ. ಕೂತು ಊಟ ಮಾಡುವ ಜಾಗವೂ ಇಲ್ಲ, ಹೊತ್ತೂ ಇಲ್ಲ.

ಆ ದಿನ

ಮಾರ್ಚ್‌ನಿಂದ ನವೆಂಬರ್‌ವರೆಗೆ ಕಮರಿಯ ರಸ್ತೆಗೆ ಸ್ವಂತ ಕಾರು ಬಿಡುವುದಿಲ್ಲ. ಸಂದರ್ಶಕರ ಕೇಂದ್ರದಿಂದ ಉಚಿತ ಶಟಲ್ ಬಸ್ಸು. ಕೊನೆಯ ನಿಲ್ದಾಣ, ಒಂಬತ್ತನೆಯದು, ಟೆಂಪಲ್ ಆಫ್ ಸಿನವಾವ. ಹೆಸರಿನಲ್ಲಿ ದೇವಸ್ಥಾನವಿದ್ದರೂ ಅದು ಬಂಡೆಗಳ ಬಯಲು. ಬಸ್ಸಿಗೇ ಮುಕ್ಕಾಲು ಗಂಟೆ. ಮೊದಲ ಬಸ್ಸುಗಳಲ್ಲೇ ಹೋಗಿ. ಪಾರ್ಕಿಂಗ್ ಬೇಗ ತುಂಬುತ್ತದೆ, ಮಳೆಗಾಲದ ಗುಡುಗು ಮಧ್ಯಾಹ್ನದ ಮೇಲೆಯೇ ಹೆಚ್ಚು. ಸಂಜೆಯ ಕೊನೆಯ ಬಸ್ಸಿನ ಹೊತ್ತನ್ನು ನಿಲ್ದಾಣದ ಫಲಕದಲ್ಲಿ ನೋಡಿ ಬರೆದುಕೊಳ್ಳಿ. ಅಲ್ಲಿರುವುದೇ ಕೊನೆಯ ಶೌಚಾಲಯ. ಮುಂದೆ ಎಂಟು ಗಂಟೆ ಏನೂ ಇಲ್ಲ, ಎಲ್ಲರೂ ಹೋಗಿಬರಲಿ. ಕಮರಿಯೊಳಗೆ ಮಲ ಹೂಳಲು ಮಣ್ಣೇ ಇಲ್ಲ. ಅದಕ್ಕಾಗಿ ಸಿಗುವ ಮುಚ್ಚುವ ಚೀಲ ಒಂದನ್ನು ಒಯ್ದು, ಬಳಸಿದರೆ ಹೊರಗೆ ತಂದು ಕಸಕ್ಕೆ ಹಾಕಬೇಕು. ಒಂದೇ ಗುಂಪಿನಲ್ಲಿ ಹನ್ನೆರಡಕ್ಕಿಂತ ಹೆಚ್ಚು ಜನ ಇರುವಂತಿಲ್ಲ; ಕನ್ನಡ ಕೂಟದವರು ಸೇರಿ ಹೋಗುವುದಾದರೆ ಇದನ್ನು ಮೊದಲೇ ನೋಡಿಕೊಳ್ಳಿ. ಫೋನ್ ಸಿಗ್ನಲ್ ಇಲ್ಲ. ಎಷ್ಟು ಹೊತ್ತಿಗೆ ವಾಪಸ್ ಎಂದು ಹೊರಗಿರುವ ಒಬ್ಬರಿಗೆ ಹೇಳಿಹೋಗಿ.

ರಿವರ್‌ಸೈಡ್ ವಾಕ್ ಸುಮಾರು 1.7 ಕಿ.ಮೀ., ಟಾರು ಹಾದಿ, ಅರ್ಧ ಗಂಟೆ. ಅದು ಮುಗಿದಲ್ಲಿ ಮೆಟ್ಟಿಲಿಳಿದು ನದಿಗೆ. ಅಲ್ಲಿ ನಿಂತು ಮೊದಲ ಹದಿನೈದು ನಿಮಿಷ ಬೇರೆಯವರು ದಾಟುವುದನ್ನು ನೋಡಿ. ಅಲ್ಲಿಯ ಮೊದಲ ದಾಟುವಿಕೆಯಲ್ಲೇ ಮನೆಯವರಲ್ಲಿ ಯಾರಿಗಾದರೂ ಕಾಲು ನಡುಗಿದರೆ, ಮುಂದೆ ಸುಲಭವಾಗುವುದಿಲ್ಲ. ಅವರ ಜೊತೆ ಒಬ್ಬರು ಹಿಂದಿರುಗಲಿ. ಸುಮಾರು 800 ಮೀಟರ್ ಹೋದರೆ ಮಿಸ್ಟರಿ ಫಾಲ್ಸ್, ಗೋಡೆಯ ಮೇಲೆ ಜಾರಿ ಬರುವ ನೀರು. ಮೂರು ಕಿ.ಮೀ. ಆಸುಪಾಸಿನಲ್ಲಿ ಬಲಗಡೆಯಿಂದ ಆರ್ಡರ್‌ವಿಲ್ ಕಮರಿ ಸೇರುತ್ತದೆ. ಅಲ್ಲಿಂದ ವಾಲ್ ಸ್ಟ್ರೀಟ್ ಎನ್ನುವ ಭಾಗ: ಅತಿ ಕಿರಿದು, ಅತಿ ಎತ್ತರ, ಅತಿ ಸುಂದರ. ಪ್ರವಾಹ ಬಂದರೆ ಹತ್ತಲು ಜಾಗವೇ ಇಲ್ಲದ ಭಾಗವೂ ಅದೇ. ಆರ್ಡರ್‌ವಿಲ್ ಹತ್ತಿರ ಒಮ್ಮೆ ನಿಂತು ಆಕಾಶ, ನೀರಿನ ಬಣ್ಣ, ಗಡಿಯಾರ ಮೂರನ್ನೂ ನೋಡಿ. ಯಾವುದರಲ್ಲಾದರೂ ಅನುಮಾನವಿದ್ದರೆ ಮುಂದೆ ಹೋಗಬೇಡಿ. ಕುಟುಂಬದ ಜೊತೆ ಬಂದವರಿಗೆ ವಾಲ್ ಸ್ಟ್ರೀಟ್‌ನಲ್ಲಿ ಅರ್ಧ ಗಂಟೆ ನಡೆದು ಹಿಂದಿರುಗುವುದೇ ತೃಪ್ತಿಯ ನಡಿಗೆ ಎಂದು ನಾವು ಹೇಳುತ್ತೇವೆ. ಪರವಾನಗಿಯಿಲ್ಲದವರ ಗಡಿ ಬಿಗ್ ಸ್ಪ್ರಿಂಗ್. ನಿಲ್ದಾಣದಿಂದ ಹೋಗಿಬರುವುದಕ್ಕೆ 15 ಕಿ.ಮೀ., ಎಂಟು ಗಂಟೆ ಅಥವಾ ಹೆಚ್ಚು. ಆ ಕೊನೆಯ ಭಾಗದಲ್ಲಿ ದೊಡ್ಡ ಬಂಡೆ, ಸೊಂಟದಿಂದ ಎದೆಯವರೆಗಿನ ಮಡುಗಳಿವೆ.

ಹೊತ್ತಿನ ಲೆಕ್ಕ ದೂರದ ಮೇಲೆ ಹಾಕಬೇಡಿ. ನೀರಿಗೆ ಎದುರಾಗಿ ಗಂಟೆಗೆ ಒಂದೂವರೆ ಕಿ.ಮೀ. ಆದರೆ ಒಳ್ಳೆಯ ವೇಗ. ಹಿಂದಿರುಗುವ ಹೊತ್ತನ್ನು ಬೆಳಿಗ್ಗೆಯೇ ನಿಗದಿ ಮಾಡಿ. ಉದಾಹರಣೆಗೆ ಎಂಟಕ್ಕೆ ಇಳಿದರೆ ಹನ್ನೊಂದೂವರೆಗೆ, ಎಲ್ಲಿದ್ದರೂ ಸರಿ, ತಿರುಗುವುದು. ಕೆಳಗೆ ಬರುವಾಗ ಹರಿವು ಜೊತೆಗೆ ಇರುವುದರಿಂದ ವೇಗ ಹೆಚ್ಚು, ಆದರೆ ದಣಿದ ಕಾಲು ಜಾರುವುದು ಆಗಲೇ. ಹಿಂದಿನಿಂದ ತಳ್ಳುವ ನೀರು ಹೆಜ್ಜೆ ಇಡುವ ಮೊದಲೇ ಮುಂದಕ್ಕೆ ನೂಕುತ್ತದೆ.

ನೀರಿನಲ್ಲಿ ಹೆಜ್ಜೆ

ಮೊದಲು ನೀರನ್ನು ಓದಿ. ಮೇಲ್ಮೈ ನುಣ್ಣಗೆ, ಕಪ್ಪು ಹಸಿರಾಗಿದ್ದರೆ ಆಳ. ಸಣ್ಣ ಸಣ್ಣ ಅಲೆಯೆದ್ದು ಗುಳುಗುಳು ಎನ್ನುವಲ್ಲಿ ಆಳ ಕಡಿಮೆ. ನದಿ ತಿರುಗುವಲ್ಲಿ ಹೊರಬದಿಯ ಗೋಡೆಯ ಬುಡವನ್ನು ನೀರು ಕೊರೆದಿರುತ್ತದೆ, ಅಲ್ಲಿ ಮಡು; ಒಳಬದಿಯಲ್ಲಿ ಮರಳು, ಜಲ್ಲಿ ಬಿಟ್ಟುಹೋಗಿರುತ್ತದೆ, ಅಲ್ಲಿ ಕಣಕಾಲು ಮಟ್ಟ. ಹಾಗಾಗಿ ಈ ತಿರುವಿನ ಒಳಬದಿಯಿಂದ ಮುಂದಿನ ತಿರುವಿನ ಒಳಬದಿಗೆ ಅಡ್ಡಡ್ಡ ದಾಟುತ್ತಾ ಹೋಗುವುದೇ ದಾರಿ. ನೇರವಾಗಿ ಗೋಡೆ ಹಿಡಿದು ಹೋಗುವವರು ಮಡುವಿಗೆ ಬೀಳುತ್ತಾರೆ.

ದಾಟುವಾಗ ಮುಖ ಹರಿವಿನ ಎದುರಿಗೆ ಇರಲಿ. ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ನಿಮಗಿಂತ ಮೇಲಿನ ಬದಿಯಲ್ಲಿ, ಒಂದು ಮೊಳ ಮುಂದೆ ಊರಿ ಅದಕ್ಕೆ ಸ್ವಲ್ಪ ಒರಗಿ. ಈಗ ಕೋಲು ಮತ್ತು ಎರಡು ಕಾಲು ಸೇರಿ ಮೂರು ಊರೆ. ಒಂದು ಸಲಕ್ಕೆ ಒಂದನ್ನೇ ಎತ್ತಿ: ಕೋಲು ಇಡಿ, ಅದು ನಿಂತಿದೆಯೇ ಒತ್ತಿ ನೋಡಿ, ಒಂದು ಕಾಲು ಸರಿಸಿ, ಆಮೇಲೆ ಇನ್ನೊಂದು. ಕಾಲನ್ನು ಎತ್ತಿ ಹಾಕುವ ಬದಲು ತಳದಲ್ಲೇ ಜರುಗಿಸಿ. ಒಂದು ಕಾಲನ್ನು ಇನ್ನೊಂದರ ಅಡ್ಡಕ್ಕೆ ದಾಟಿಸಬೇಡಿ. ಬೀಳುವವರು ಹೆಚ್ಚಾಗಿ ಬೀಳುವುದು ಹೀಗೆ. ಕಲ್ಲಿನ ನೆತ್ತಿಯ ಮೇಲೆ ಪಾದ ಇಡಬೇಡಿ, ಎರಡು ಕಲ್ಲಿನ ನಡುವಿನ ಜಲ್ಲಿ ಹುಡುಕಿ. ಆದರೆ ಪಾದ ಸಂದಿಗೆ ಬಿಗಿಯಾಗಿ ಇಳಿಯುವಷ್ಟು ಒತ್ತಬೇಡಿ. ಹರಿವಿನಲ್ಲಿ ಪಾದ ಸಿಕ್ಕಿಕೊಂಡು ಮೈ ಬಿದ್ದರೆ ಕಾಲು ಮುರಿಯುತ್ತದೆ. ನೋಟ ಮೂರು ಮಾರು ಮುಂದೆ ಇರಲಿ. ಕಾಲ ಬುಡದ ಹರಿವನ್ನೇ ದಿಟ್ಟಿಸಿದರೆ ತಲೆ ಸುತ್ತುತ್ತದೆ.

ಮಡು ದಾಟುವಾಗ ಬ್ಯಾಗಿನ ಸೊಂಟದ, ಎದೆಯ ಬೆಲ್ಟ್ ಬಿಚ್ಚಿ. ಬಿದ್ದರೆ ಬ್ಯಾಗು ಕಳಚಲು ಆಗಬೇಕು. ಹಗ್ಗದಿಂದ ಒಬ್ಬರಿಗೊಬ್ಬರು ಕಟ್ಟಿಕೊಳ್ಳಬೇಡಿ. ಒಬ್ಬರು ಬಿದ್ದರೆ ಎಲ್ಲರನ್ನೂ ಎಳೆಯುತ್ತದೆ, ಹಗ್ಗ ಬಂಡೆಗೆ ಸಿಕ್ಕಿದರೆ ನೀರಿನಡಿ ಹಿಡಿದಿಡುತ್ತದೆ. ವಯಸ್ಸಾದವರನ್ನು ದಾಟಿಸುವಾಗ ಬಲವಾದವರು ಹರಿವಿನ ಮೇಲಿನ ಬದಿಗೆ ನಿಂತು, ತೋಳಿಗೆ ತೋಳು ಸೇರಿಸಿ ಒಟ್ಟಿಗೆ ಹೆಜ್ಜೆ ಹಾಕಿ. ನೀರಿನ ಬಲ ಮೇಲಿನವರ ಮೇಲೆ ಬಿದ್ದು, ಹಿಂದಿನವರಿಗೆ ಮರೆಯಾಗುತ್ತದೆ. ಬೆರಳು ಹಿಡಿದರೆ ಜಾರುತ್ತದೆ, ಮಣಿಕಟ್ಟು ಹಿಡಿಯಿರಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿ ದಾಟುವುದು ಕೂಡದು. ತೂಕ ಮೇಲಾದಷ್ಟೂ ಆಯ ತಪ್ಪುತ್ತದೆ. ಬಿದ್ದೇಬಿಟ್ಟರೆ ಗಾಬರಿಯಿಂದ ಥಟ್ಟನೆ ಎದ್ದು ನಿಲ್ಲಲು ಹೋಗಬೇಡಿ. ಅಂಗಾತ ಮಲಗಿ, ಪಾದ ಹರಿಯುವ ದಿಕ್ಕಿಗೆ ಮಾಡಿ, ಆಳ ಕಡಿಮೆಯಾದಲ್ಲಿ ಕೂತು ಆಮೇಲೆ ಏಳಿ. ಬಾಯಿ ಮುಚ್ಚಿಕೊಂಡಿರಿ.

ಬಾಯಿ ಮುಚ್ಚಬೇಕಾದ್ದಕ್ಕೆ ಕಾರಣವಿದೆ. 2020ರ ಬೇಸಿಗೆಯಿಂದ ಈ ನದಿಯಲ್ಲಿ ವಿಷಕಾರಿ ಸಯನೋಬ್ಯಾಕ್ಟೀರಿಯಾ ಎಂಬ ಪಾಚಿಯಂಥ ಸೂಕ್ಷ್ಮಜೀವಿ ಕಂಡುಬಂದಿದೆ. ಕಲ್ಲಿನ ಮೇಲೆ ಪದರಗಟ್ಟಿ ಬೆಳೆಯುತ್ತದೆ. ನೀರು ಕನ್ನಡಿಯಷ್ಟು ತಿಳಿಯಾಗಿದ್ದರೂ ಕುಡಿಯಬಾರದು, ತಲೆ ಮುಳುಗಿಸಬಾರದು, ತೆರೆದ ಗಾಯ ಸೋಕಿಸಬಾರದು. ಪ್ರವಾಸಿಗರು ಒಯ್ಯುವ ಫಿಲ್ಟರ್, ಕುದಿಸುವುದು ಯಾವುದೂ ಈ ವಿಷವನ್ನು ಖಾತ್ರಿಯಾಗಿ ತೆಗೆಯುವುದಿಲ್ಲ. ನದಿ ಕಂಡ ಕೂಡಲೇ ಬೊಗಸೆಯಲ್ಲಿ ತೀರ್ಥದ ಹಾಗೆ ಎತ್ತಿ ತಲೆಗೆ ಚಿಮುಕಿಸಿಕೊಂಡು ಗುಟುಕರಿಸುವುದು ನಮ್ಮ ಹಿರಿಯರಿಗೆ ರೂಢಿ. ಅಲ್ಲಿ ಅದು ಬೇಡವೆಂದು ಮೊದಲೇ ತಿಳಿಸಿ ಹೇಳಿ. ತಿನ್ನುವ ಮೊದಲು ಬಾಟಲಿಯ ನೀರಲ್ಲಿ ಕೈ ತೊಳೆಯಿರಿ.

ಚಳಿ ಹಿಡಿದರೆ

ಬೇಸಿಗೆಯಲ್ಲೂ ನೀರು 20 ಡಿಗ್ರಿ ದಾಟುವುದು ಅಪರೂಪ. ನೀರು ಗಾಳಿಗಿಂತ ಎಷ್ಟೋ ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ಮೊದಲು ನಡುಕ. ಆಮೇಲೆ ಬೆರಳು ಮಾತು ಕೇಳುವುದಿಲ್ಲ: ಬ್ಯಾಗಿನ ಝಿಪ್ ಎಳೆಯಲು, ಶೂ ಲೇಸ್ ಕಟ್ಟಲು ಆಗುವುದಿಲ್ಲ. ಮಾತು ತೊದಲುತ್ತದೆ, ಸಮತಟ್ಟಿನಲ್ಲೂ ಮುಗ್ಗರಿಸುತ್ತಾರೆ, ಕೇಳಿದರೆ "ಏನಿಲ್ಲ, ನಡೀರಿ" ಎನ್ನುತ್ತಾರೆ. ಆ ಮಾತನ್ನು ನಂಬಬೇಡಿ. ನೀರಿನಿಂದ ಮೇಲೆ ಕರೆದು, ಒದ್ದೆ ಅಂಗಿ ತೆಗೆಸಿ, ಒಣ ಸ್ವೆಟರ್, ಜಾಕೆಟ್, ಟೋಪಿ ಹಾಕಿಸಿ, ಕಡಲೆಮಿಠಾಯಿ ತಿನ್ನಿಸಿ. ಫ್ಲಾಸ್ಕಿನಲ್ಲಿ ಬಿಸಿ ಬೆಲ್ಲದ ಕಾಫಿ ಇದ್ದರೆ ಆಗ ಅದಕ್ಕೆ ಬೆಲೆ. ಕಾಲನ್ನು ರಭಸದಿಂದ ತಿಕ್ಕುವುದು ಬೇಡ. ನಡುಕ ನಿಂತು ಚೇತರಿಸಿಕೊಂಡ ಮೇಲೆ ಕೆಳಕ್ಕೆ ಮಾತ್ರ ನಡೆಯಿರಿ, ಮೇಲಕ್ಕಲ್ಲ. ನಡುಕ ನಿಂತರೂ ಮಂಪರು ಹೆಚ್ಚಾಗುತ್ತಿದ್ದರೆ ಅದು ಚೇತರಿಕೆಯಲ್ಲ, ಕೆಡುತ್ತಿರುವುದು. ನಡೆಸಬೇಡಿ, ಇಬ್ಬರನ್ನು ಕೆಳಗೆ ಸಹಾಯಕ್ಕೆ ಕಳಿಸಿ.

ಹೊರಗೆ ಬಂದ ಮೇಲೆ

ರಿವರ್‌ಸೈಡ್ ವಾಕ್ ಸೇರಿದ ಕೂಡಲೇ ಕೂತು ಶೂ ಬಿಚ್ಚಿ, ಮರಳು ಕೊಡವಿ, ಪಾದ ನೋಡಿ. ಬೆರಳ ಸಂದಿ, ಹಿಮ್ಮಡಿ, ಉಗುರಿನ ಬುಡ. ಗಾಯವಿದ್ದರೆ ಬಾಟಲಿಯ ಶುದ್ಧ ನೀರಲ್ಲಿ ತೊಳೆದು ಪಟ್ಟಿ ಹಾಕಿ. ಬ್ಯಾಗಿನಲ್ಲಿ ಒಂದು ಜೊತೆ ಒಣ ಕಾಲುಚೀಲ ಇಟ್ಟುಕೊಂಡಿದ್ದರೆ ಉಳಿದ ಒಂದೂ ಮುಕ್ಕಾಲು ಕಿ.ಮೀ. ಸುಖವಾಗಿ ಕಳೆಯುತ್ತದೆ. ಕೋಣೆಗೆ ಬಂದು ಸೋಪು ಹಚ್ಚಿ ಸ್ನಾನ ಮಾಡಿ. ನದಿಗೆ ಹಾಕಿದ್ದ ಬಟ್ಟೆಯನ್ನು ಬೇರೆ ಬಟ್ಟೆಯೊಡನೆ ಸೇರಿಸದೆ ಒಗೆಯಿರಿ. ಮರಳು ಎರಡು ಮೂರು ನೀರಿಗೆ ಬಿಡುತ್ತದೆ. ಬಾಡಿಗೆ ಶೂ, ಕೋಲನ್ನು ಅಂಗಡಿ ಮುಚ್ಚುವ ಮೊದಲು ಹಿಂದಿರುಗಿಸಬೇಕು, ತಡವಾದರೆ ಮರುದಿನದ ಬಾಡಿಗೆಯೂ ಬೀಳುತ್ತದೆ. ಹಾಗಾಗಿ ಸಾಮಾನು ತರುವಾಗಲೇ ಅಂಗಡಿ ಮುಚ್ಚುವ ಹೊತ್ತು ಕೇಳಿಕೊಂಡು, ನಿಮ್ಮ ತಿರುಗುವ ಹೊತ್ತಿನ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಳ್ಳಿ.